ಸುಸ್ತು ಇಳಿಸುವ ಕ್ಲಾಸಿಗೆ ಆರು ಶನಿವಾರ ಹೋಗಿ ಬಂದೆ

ಮೊದಲೇ ಹೇಳಿಬಿಡುತ್ತೇನೆ, ಕೊಟ್ಟ ದುಡ್ಡಿಗೆ ಮೋಸವಾಗಲಿಲ್ಲ. ಆರು ಶನಿವಾರಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಐದನೆಯದು. ಅದನ್ನೇ ಅವರು ಅವಸರದಲ್ಲಿ ಮುಗಿಸಿದರು. ಹಾಗಾಗಿ ಐದಕ್ಕೆ ನಾಲ್ಕು ಸ್ಟಾರ್.

ಕ್ಲಾಸ್ ನಡೆಯುವುದು ಬಸವನಗುಡಿಯಲ್ಲಿ. ಗಾಂಧಿ ಬಜಾರಿನಿಂದ ಎರಡು ರಸ್ತೆ ಒಳಗೆ, ಒಂದು ಹಳೇ ಮನೆಯ ಮಹಡಿ ಮೇಲೆ. ನಡೆಸುವವರು ನಿವೃತ್ತ ಕೌನ್ಸೆಲರ್, ಅರವತ್ತು ದಾಟಿದವರು. ನಾವೆಲ್ಲ ಮೇಡಂ ಅಂತಲೇ ಕರೆಯುತ್ತಿದ್ದೆವು. ಒಂದು ಬ್ಯಾಚಿಗೆ 12 ಜನ ಮಾತ್ರ. ಬೋರ್ಡಿಲ್ಲ, ಜಾಹೀರಾತಿಲ್ಲ, ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಗೊತ್ತಾಗಿ ಜನ ಬರುತ್ತಾರೆ. ಹೆಸರು, ನಂಬರ್ ಎಲ್ಲೂ ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಅದನ್ನು ಮೀರಲು ನನಗೆ ಮನಸ್ಸಿಲ್ಲ. ಆದರೂ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಥರದ ಕ್ಲಾಸುಗಳು ಈಗ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ನೀವು ಯಾವುದಕ್ಕೆ ಸೇರಿದರೂ ಅಲ್ಲಿ ಏನು ನೋಡಬೇಕು, ಏನು ಕೇಳಬೇಕು ಅನ್ನುವುದು ಇದರಿಂದ ಗೊತ್ತಾಗಬಹುದು.

ನಾನು ಸ್ಟಾಫ್ ನರ್ಸ್. ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ 14 ವರ್ಷದಿಂದ ಇದ್ದೇನೆ. ಮದುವೆಯಾಗಿಲ್ಲ, ಮನೆಯಲ್ಲಿ ಅಮ್ಮ ಮತ್ತು ನಾನು. ಸೆಪ್ಟೆಂಬರಿನಲ್ಲಿ ಒಂದು ದಿನ ನೈಟ್ ಡ್ಯೂಟಿ ಮುಗಿಸಿ ಮೆಟ್ರೋದಲ್ಲಿ ಬರುತ್ತಿದ್ದೆ. ಬನಶಂಕರಿಯಲ್ಲಿ ಇಳಿಯಬೇಕು. ಬಾಗಿಲು ತೆರೆಯಿತು, ಮುಚ್ಚಿತು, ನಾನು ಕೂತೇ ಇದ್ದೆ. ನಿದ್ದೆ ಬಂದಿರಲಿಲ್ಲ. ಏಳಬೇಕು ಅನ್ನಿಸಲಿಲ್ಲ, ಅಷ್ಟೇ. ಯಲಚೇನಹಳ್ಳಿ ದಾಟಿ ಕೊನೇ ಸ್ಟೇಷನ್ ಸಿಲ್ಕ್ ಇನ್‌ಸ್ಟಿಟ್ಯೂಟ್ ಬಂತು, ಅಲ್ಲಿ ಇಳಿಯಿರಿ ಅಂದಾಗ ಇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ಸುಮ್ನೆ ನಿಂತಿದ್ದೆ. ಅವತ್ತೇ ಈ ಕ್ಲಾಸನ್ನು ಹಿಂದೆ ಮುಗಿಸಿದ್ದ ಗೆಳತಿಗೆ ಫೋನ್ ಮಾಡಿದೆ.

ಫೀಸು 3,600 ರೂಪಾಯಿ. ಶನಿವಾರ ಬೆಳಗ್ಗೆ ಎರಡೂವರೆ ಗಂಟೆ, ಮಧ್ಯೆ ಫಿಲ್ಟರ್ ಕಾಫಿ. ಪೂರ್ತಿ ಕೊಡಲಾಗದವರು ಅರ್ಧ ಕೊಡಬಹುದು, ಯಾಕೆ ಎಂದು ಕೇಳುವುದಿಲ್ಲ. ಇದು ನನಗೆ ತುಂಬಾ ಹಿಡಿಸಿತು.

ಇನ್ನೊಂದು ಹಿಡಿಸಿದ್ದು, ಸೇರಿಸಿಕೊಳ್ಳುವ ಮೊದಲು ಪ್ರತಿಯೊಬ್ಬರ ಹತ್ತಿರವೂ ಮೇಡಂ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದರು. ನಿದ್ದೆ ಹೇಗಿದೆ, ಊಟ ಸೇರುತ್ತಾ, ಸಾಯಬೇಕು ಅನ್ನಿಸುತ್ತಾ ಎಂದು ನೇರವಾಗಿ ಕೇಳಿದರು. ಒಬ್ಬರಿಗೆ ಈ ಕ್ಲಾಸ್ ಸಾಲದು, ಮೊದಲು ಡಾಕ್ಟರ ಹತ್ತಿರ ಹೋಗಿ ಎಂದು ಫೀಸು ತೆಗೆದುಕೊಳ್ಳದೆ ಕಳಿಸಿದರು. ಗೋಡೆಯ ಮೇಲೆ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416 ದೊಡ್ಡದಾಗಿ ಬರೆದಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು 2022ರಲ್ಲಿ ಶುರುವಾದ ಸರ್ಕಾರಿ ಸೇವೆ, ನಮ್ಮ ನಿಮ್ಹಾನ್ಸೇ ಅದಕ್ಕೆ ಮುಖ್ಯ ಕೇಂದ್ರ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನೀವು ಸೇರಬೇಕೆಂದಿರುವ ಕ್ಲಾಸಿನವರು ಇಷ್ಟು ಕೂಡ ಕೇಳದೆ, ಹೇಳದೆ ಬರೀ ಫೀಸು ಕಟ್ಟಿಸಿಕೊಂಡರೆ ಎರಡು ಸಲ ಯೋಚಿಸಿ.

ಮೊದಲನೇ ಶನಿವಾರ ಬರ್ನ್‌ಔಟ್ ಅಂದರೆ ಏನು ಅನ್ನುವುದರ ಬಗ್ಗೆ. ಸ್ಲೈಡುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಮೇಡಂ ಕನ್ನಡದಲ್ಲಿ ಹೇಳುತ್ತಾ ಹೋದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎಂದು ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಎಂದು ಕರೆಯಿತು. ಮೂರು ಗುರುತು ಹೇಳಿತು. ಶಕ್ತಿಯೆಲ್ಲ ಬರಿದಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನಿಂದ ಸರಿಯಾಗಿ ಏನೂ ಆಗುತ್ತಿಲ್ಲ ಅನ್ನಿಸುವುದು. ಮೂರೂ ನನಗಿದ್ದವು. ಎರಡನೆಯದು ಕೇಳಿ ಅಳು ಬಂತು, ಯಾಕೆಂದರೆ ನಾನು ಆ ತಿಂಗಳು ರೋಗಿಗಳನ್ನು ಬೆಡ್ ನಂಬರಿನಿಂದಲೇ ಕರೆಯಲು ಶುರುಮಾಡಿದ್ದೆ. "12ಕ್ಕೆ ಡ್ರಿಪ್ ಮುಗೀತು" ಅಂತ. ಮೊದಲು ನಾನು ಹಾಗಿರಲಿಲ್ಲ.

ಆ ದಿನ ಗೊತ್ತಾದ ಇನ್ನೊಂದು ವಿಷಯ, ಈ ಬರ್ನ್‌ಔಟ್ ಅನ್ನುವ ಮಾತನ್ನು 1974ರಲ್ಲಿ ಬರೆದು ಚಲಾವಣೆಗೆ ತಂದ ಮನಶ್ಶಾಸ್ತ್ರಜ್ಞ ಫ್ರಾಯ್ಡನ್‌ಬರ್ಗರ್ ಅದನ್ನು ನೋಡಿದ್ದು ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್ಕಿನಲ್ಲಿ, ಬೇರೆಯವರ ಸೇವೆಗೆ ನಿಂತವರಲ್ಲಿ. ಕಂಪನಿ ಕೆಲಸದವರಿಗೆ ಬರುವಂಥದ್ದು ಎಂದು ನಾನು ತಿಳಿದುಕೊಂಡಿದ್ದೆ. ಅದರ ಮೊದಲ ಕಥೆ ನಮ್ಮಂಥವರದ್ದೇ.

ಎರಡನೇ ಶನಿವಾರದ ವಿಷಯ ಸ್ವ-ಕರುಣೆ. ಆ ಪದ ಯಾರ ನಾಲಿಗೆಗೂ ಹತ್ತಲಿಲ್ಲ. ಕಾಫಿ ಹೊತ್ತಿಗೆ ನಾವೇ ಅದನ್ನು "ನಮ್ಮನ್ನು ನಾವು ಬೈದುಕೊಳ್ಳದೇ ಇರೋದು" ಅಂತ ಮಾಡಿಕೊಂಡೆವು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಇದಕ್ಕೆ ಮೂರು ಭಾಗ ಹೇಳಿದರು. ತನ್ನ ಜೊತೆ ಮೃದುವಾಗಿರುವುದು, ಇದು ನನಗೊಬ್ಬಳಿಗೇ ಆದದ್ದಲ್ಲ ಎಂದು ನೆನಪಿಡುವುದು, ನೋವನ್ನು ಮುಚ್ಚಿಡದೆ, ಅದರಲ್ಲಿ ಮುಳುಗಿಯೂ ಹೋಗದೆ, ಅದು ಇದ್ದ ಹಾಗೇ ನೋಡುವುದು. ಕೇಳಲು ಸುಲಭ. ಮಾಡಿಸಿದ ರೀತಿ ಹೇಳುತ್ತೇನೆ.

ಇತ್ತೀಚೆಗೆ ಮಾಡಿದ ಒಂದು ತಪ್ಪನ್ನು ನೆನೆಸಿಕೊಂಡು, ಆಗ ನಿಮಗೆ ನೀವೇ ಹೇಳಿಕೊಂಡ ಮಾತನ್ನು ಹಾಗೆಹಾಗೇ ಬರೆಯಿರಿ ಎಂದರು. ನನಗೆ ಒಬ್ಬ ಅಜ್ಜಿ ನೆನಪಾದರು. ಡ್ರಿಪ್ ಕೊಡಲು ನರಕ್ಕೆ ಹಾಕುವ ಸಣ್ಣ ಕೊಳವೆ, ಕ್ಯಾನುಲಾ, ಹಾಕಲು ಎರಡು ಸಲ ಚುಚ್ಚಿದ್ದೆ, ಮೂರನೇ ಸಲ ಸಿಕ್ಕಿತ್ತು, ಬೆಳಗಾಗುವಷ್ಟರಲ್ಲಿ ಡ್ರಿಪ್ ನರದಿಂದ ಹೊರಗೆ ಹೋಗಿ ಕೈ ಊದಿತ್ತು. ಅಜ್ಜಿ ಬೈಯಲಿಲ್ಲ, ಕೈ ತೋರಿಸಿ "ನೋವಮ್ಮ" ಅಂದರು. ಮೂರು ವಾರ ಅದನ್ನು ಹೊತ್ತುಕೊಂಡು ತಿರುಗಿದ್ದೆ. ಬರೆದೆ: "14 ವರ್ಷವಾದರೂ ನಿನಗೆ ಒಂದು ಕ್ಯಾನುಲಾ ಹಾಕಲು ಬರಲ್ಲ, ನಿನ್ನ ಕೈಗೆ ಸಿಕ್ಕವರಿಗೆಲ್ಲ ನೋವೇ."

ಆಮೇಲೆ, ಇದೇ ತಪ್ಪನ್ನು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ ಮಾಡಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರಿ, ಅದನ್ನೂ ಬರೆಯಿರಿ ಎಂದರು. ಬರೆದೆ: "ವಯಸ್ಸಾದವರ ನರ ಹಾಗೇ ಕಣೇ, ಬೇಗ ಒಡೆದುಹೋಗುತ್ತೆ. ಅಳಬೇಡ. ಬಾ, ಕೈ ನೋಡಿ ಬರೋಣ. ರಾತ್ರಿ ಎರಡು ಸಲ ಜಾಸ್ತಿ ಚೆಕ್ ಮಾಡು. ಸಿಗಲಿಲ್ಲ ಅಂದ್ರೆ ಮೂರನೇ ಸಲ ಚುಚ್ಚೋ ಮೊದಲು ನನ್ನನ್ನು ಕರಿ."

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ಎಂದರು. ಓದಿದೆ. ನನಗೆ ಹೇಳಿಕೊಂಡದ್ದರಲ್ಲಿ ಬರೀ ಏಟಿದೆ, ಆ ಹುಡುಗಿಗೆ ಹೇಳಿದ್ದರಲ್ಲಿ ಮಾತ್ರ ಮುಂದೆ ಏನು ಮಾಡಬೇಕು ಅನ್ನುವುದಿದೆ. ನಮ್ಮ ಗುಂಪಿನಲ್ಲಿದ್ದ ಪಿಯು ಕಾಲೇಜಿನ ಮೇಷ್ಟ್ರು ಒಬ್ಬರು, ಹೀಗೆ ನಮ್ಮನ್ನು ನಾವೇ ಮುದ್ದು ಮಾಡಿಕೊಂಡರೆ ಸೋಮಾರಿಗಳಾಗೋದಿಲ್ವಾ ಎಂದು ಕೇಳಿದ್ದರು. ಮೇಡಂ ಉತ್ತರ ಕೊಡದೆ ನನ್ನ ಎರಡು ಚೀಟಿಗಳನ್ನು, ನನ್ನನ್ನು ಕೇಳಿಯೇ, ಅವರಿಗೆ ಓದಲು ಕೊಟ್ಟರು. ಅವರು ಓದಿ ಸುಮ್ಮನಾದರು, ಆಮೇಲೆ ತಮ್ಮ ಚೀಟಿ ತೆಗೆದು ಬರೆಯಲು ಕೂತರು.

ಎದೆ ಮೇಲೆ ಕೈಯಿಟ್ಟುಕೊಂಡು ಕಣ್ಣುಮುಚ್ಚುವ ಅಭ್ಯಾಸ ನನಗೆ ಒಗ್ಗಲಿಲ್ಲ. ಹೇಳಿದೆ. ಮೇಡಂ ಬಲವಂತ ಮಾಡಲಿಲ್ಲ, ದಿನದಲ್ಲಿ ಹೇಗೂ ಮಾಡುವ ಒಂದು ಕೆಲಸಕ್ಕೆ ಇದನ್ನು ಕಟ್ಟಮ್ಮ ಎಂದರು. ನಾವು ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಹ್ಯಾಂಡ್‌ರಬ್ ಹಚ್ಚಿಕೊಳ್ಳಬೇಕು, 20ರಿಂದ 30 ಸೆಕೆಂಡು ಉಜ್ಜಬೇಕು. ಆ ಹೊತ್ತಿನಲ್ಲಿ ಆ ಹುಡುಗಿಗೆ ಹೇಳುವ ಒಂದು ಮಾತನ್ನು ನನಗೇ ಹೇಳಿಕೊಳ್ಳುತ್ತೇನೆ. ಒಂದು ಡ್ಯೂಟಿಯಲ್ಲಿ ಎಷ್ಟು ಸಲ ಕೈ ಉಜ್ಜುತ್ತೇವೆ ಎಂದು ನರ್ಸುಗಳಿಗೆ ಗೊತ್ತು. ಈ ಒಂದು ಅಭ್ಯಾಸ ನನ್ನಲ್ಲಿ ಉಳಿದಿದೆ, ಉಳಿಯುತ್ತದೆ ಕೂಡ.

ಮೂರನೇ ಶನಿವಾರ ನನಗೆ ಡ್ಯೂಟಿ ಬಿತ್ತು. ರೆಕಾರ್ಡಿಂಗ್ ಇಲ್ಲ, ಬೇರೆ ದಿನ ಮತ್ತೆ ಹೇಳಿಕೊಡುವುದೂ ಇಲ್ಲ. ಜನ ತಮ್ಮ ಮನಸ್ಸಿನ ಮಾತು ಆಡುವಾಗ ರೆಕಾರ್ಡ್ ಮಾಡಬಾರದು, ಒಪ್ಪುತ್ತೇನೆ. ಆದರೆ ಸುಸ್ತಾದವರಿಗೇ ಇರುವ ಕ್ಲಾಸಿಗೆ ಶಿಫ್ಟ್ ಕೆಲಸದವರು ಬಂದೇ ಬರುತ್ತಾರೆ ಅಲ್ವಾ, ಎರಡು ಪುಟದ ಟಿಪ್ಪಣಿಯನ್ನಾದರೂ ಕೊಡಬಹುದಿತ್ತು.

ನಾಲ್ಕನೆಯದು ಆಟ. ಶುರುವಾದದ್ದು ಕೆಟ್ಟದಾಗಿ. ವೃತ್ತದಲ್ಲಿ ನಿಲ್ಲಿಸಿ ಚೆಂಡೆಸೆದು, ಸಿಕ್ಕವರು ಪ್ರಾಣಿಯ ಕೂಗು ಹಾಕಬೇಕು ಎಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರ ಮುಖ ಕೆಂಪಾಯಿತು, ಅವರು ಬಾಲ್ಕನಿಗೆ ಹೋಗಿ ನಿಂತುಬಿಟ್ಟರು. ಒತ್ತಾಯದ ಆಟ ಆಟವಲ್ಲ. ನಾನು ಕಾಫಿ ಹೊತ್ತಿನಲ್ಲಿ ಮೇಡಂಗೆ ಹೇಳಿದೆ, ಇದು ಬೇಡ, ನೋವಾಗುತ್ತಿದೆ ಅಂತ. ಅವರು ಕೂಡಲೇ ನಿಲ್ಲಿಸಿದರು, ಬಾಲ್ಕನಿಗೆ ಹೋಗಿ ಅವರಲ್ಲಿ ಕ್ಷಮೆ ಕೇಳಿದರು. ಆಮೇಲೆ ಒಳಗಿನಿಂದ ಅಳಗುಳಿಮಣೆಯನ್ನೂ ಚೌಕಾಬಾರದ ಹಾಸನ್ನೂ ತಂದಿಟ್ಟರು. ಬೇಕಾದವರು ಆಡಿ, ಬೇಡದವರು ನೋಡಿ ಎಂದರು.

ಮುಂದಿನ ಒಂದು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. 14 ಗುಳಿ, ಗುಳಿಗೆ ನಾಲ್ಕು ಹುಣಸೆಬೀಜ. ನಾನು ಕೊನೇ ಸಲ ಆಡಿದ್ದು ಅಜ್ಜಿಯ ಮನೆಯಲ್ಲಿ, ಹತ್ತು ವರ್ಷದವಳಿದ್ದಾಗ. ಬೀಜ ಬಿತ್ತುತ್ತಾ ಹೋಗುವಾಗ ಬೆರಳುಗಳಿಗೆ ಎಲ್ಲ ನೆನಪಿತ್ತು. ಬ್ಯಾಂಕಿನವರು ಚೌಕಾಬಾರಕ್ಕೆ ಕೂತು, ನಾಲ್ಕು ಕವಡೆಯೂ ಮಗುಚಿ ಬಿದ್ದು ಬಾರಾ ಬಂದಾಗ ಇಡೀ ಮನೆಗೆ ಕೇಳುವ ಹಾಗೆ ಕೂಗಿದರು.

ಆದರೆ ಆಟ ಆಡಿಸಿ ಕಳಿಸಿದ್ದರೆ ಅದು ಒಂದು ಬೆಳಗಿನ ಖುಷಿ ಅಷ್ಟೇ ಆಗುತ್ತಿತ್ತು. ಮೇಡಂ ಹೇಳಿದ ಮುಖ್ಯ ಮಾತು ಬೇರೆ. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದ ರೆನೆ ಪ್ರಾಯರ್ ದೊಡ್ಡವರ ಆಟದ ಸ್ವಭಾವದ ಬಗ್ಗೆಯೇ ಕೆಲಸ ಮಾಡಿದವರು. ಅವರ ಪ್ರಕಾರ ಆ ಸ್ವಭಾವಕ್ಕೆ ನಾಲ್ಕು ಮುಖ ಇವೆ, ಜನರ ಜೊತೆಗಿನ ತಮಾಷೆ ಅದರಲ್ಲಿ ಒಂದು ಮಾತ್ರ. ಹಗುರವಾಗಿ ತೆಗೆದುಕೊಳ್ಳುವುದು, ಯೋಚನೆಗಳ ಜೊತೆ ಆಡುವುದು, ವಿಚಿತ್ರವಾದದ್ದನ್ನು ಗಮನಿಸಿ ಖುಷಿಪಡುವುದು ಕೂಡ ಆಟವೇ. ಹಾಗಾಗಿ ನಾಚಿಕೆಯವರು ಆಟ ಬಾರದವರಲ್ಲ. ಆಟಕ್ಕೆ ಬೇರೆ ಸಮಯ ಬೇಕಿಲ್ಲ, ಮಾಡುತ್ತಿರುವ ಕೆಲಸವನ್ನೇ ಸ್ವಲ್ಪ ಬೇರೆ ಥರ ಹಿಡಿದುಕೊಂಡರೆ ಸಾಕು.

ನಾನಿದನ್ನು ವಾರ್ಡಿಗೆ ತಂದೆ. ಪ್ರತಿ ಡ್ಯೂಟಿಯ ಶುರುವಿನಲ್ಲಿ ಎಮರ್ಜೆನ್ಸಿ ಟ್ರಾಲಿ ಚೆಕ್ ಮಾಡಬೇಕು, ಅಡ್ರಿನಲಿನ್ ಎಷ್ಟಿದೆ, ಆಟ್ರೊಪಿನ್ ಎಷ್ಟಿದೆ, ಲ್ಯಾರಿಂಗೋಸ್ಕೋಪಿನ ಬಲ್ಬ್ ಉರಿಯುತ್ತಾ, ಎಲ್ಲ ಎಣಿಸಿ ಬರೆಯಬೇಕು, ವರ್ಷವಿಡೀ ಅದೇ. ಈಗ ರಾತ್ರಿ ನಾನು ಗಾಂಧಿ ಬಜಾರಿನ ಹೂವಿನವರ ಧಾಟಿಯಲ್ಲಿ ಪಿಸುದನಿಯಲ್ಲಿ ಎಣಿಸುತ್ತೇನೆ, ಜೊತೆಯ ಸಿಸ್ಟರ್ ಚೌಕಾಸಿ ಮಾಡುವವರ ಹಾಗೆ ಒಂದೊಂದನ್ನೂ ಮರುಎಣಿಕೆ ಮಾಡುತ್ತಾರೆ. ಎಣಿಕೆ ಎರಡು ಸಲ ಆಗುತ್ತದೆ, ಮೊದಲಿಗಿಂತ ಗಟ್ಟಿ. ಬಾಗಿಲು ಹಾಕಿದ ಟ್ರೀಟ್‌ಮೆಂಟ್ ರೂಮಿನಲ್ಲಿ ಮಾತ್ರ ಇದು, ನೋವಿನಲ್ಲಿರುವವರ ಹತ್ತಿರ ಅಲ್ಲ.

ಈಗ ಐದನೇ ಶನಿವಾರ.

ಕ್ರಿಸ್ಟಿನಾ ಮ್ಯಾಸ್ಲಾಕ್ ಅನ್ನುವ ಮನಶ್ಶಾಸ್ತ್ರಜ್ಞೆ 1981ರಲ್ಲಿ ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿ ಮಾಡಿದವರು. ಆಮೇಲೆ ಮೈಕೆಲ್ ಲೈಟರ್ ಜೊತೆ ಸೇರಿ, ಕೆಲಸದ ಜಾಗದಲ್ಲಿ ಜನರನ್ನು ಸುಡುವ ಆರು ವಿಷಯಗಳನ್ನು ಗುರುತಿಸಿದರು. ಕೆಲಸದ ಹೊರೆ, ನಮ್ಮ ಕೆಲಸದ ಮೇಲೆ ನಮಗಿರುವ ಹಿಡಿತ, ಸಿಗುವ ಪ್ರತಿಫಲ, ಜೊತೆಯವರು, ನ್ಯಾಯ, ನಾವು ನಂಬಿದ ಮೌಲ್ಯ. ನನಗೆ ಹೊರೆ ಒಂದೇ ಕಾರಣ ಎಂದುಕೊಂಡಿದ್ದೆ. ಮೇಡಂ ನನ್ನ ಹತ್ತಿರ ಒಂದು ಕೆಲಸ ಮಾಡಿಸಿದರು, ಮೂರು ತಿಂಗಳ ಡ್ಯೂಟಿ ರೋಸ್ಟರ್ ತೆಗೆದು ಲೆಕ್ಕ ಹಾಕಮ್ಮ ಎಂದರು.

ನನ್ನ ಫೋನಿನಲ್ಲಿ ಫೋಟೋಗಳಿದ್ದವು. ಅಲ್ಲೇ ಕೂತು ಹಾಕಿದೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ಸೇರಿ 92 ರಾತ್ರಿ. ರಾತ್ರಿಗೆ ಇಬ್ಬರು, ಒಟ್ಟು 184 ನೈಟ್ ಡ್ಯೂಟಿ. ನಾವು ಒಂಬತ್ತು ಜನ. ಸಮವಾಗಿ ಹಂಚಿದರೆ ಒಬ್ಬರಿಗೆ 20 ಚಿಲ್ಲರೆ. ನನಗೆ 31 ಬಂದಿತ್ತು. ಗೌರಿ ಹಬ್ಬ, ಗಣೇಶನ ಹಬ್ಬ, ಎರಡೂ ರಾತ್ರಿ ನಾನೇ.

ಯಾರೂ ಪಿತೂರಿ ಮಾಡಿರಲಿಲ್ಲ. ಒಬ್ಬರಿಗೆ ಮಗುವಿನ ಪರೀಕ್ಷೆ, ಒಬ್ಬರಿಗೆ ಅತ್ತೆಗೆ ಹುಷಾರಿಲ್ಲ, ಪ್ರತಿ ಸಲವೂ ಕಾರಣ ನಿಜ, ಪ್ರತಿ ಸಲವೂ ನಾನು ಆಯ್ತು ಸಿಸ್ಟರ್ ಅಂದಿದ್ದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ಅಮ್ಮ ಹೇಳುತ್ತಲೇ ಇದ್ದಳು. ನನಗೆ ಮದುವೆಯಾಗಿಲ್ಲ ಅನ್ನುವುದು ರೋಸ್ಟರಿನಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೆ ರೋಸ್ಟರ್ ಅದರ ಪ್ರಕಾರವೇ ನಡೆಯುತ್ತಿತ್ತು.

ಎರಡನೇ ಶನಿವಾರದಿಂದ ನಾನು ನನ್ನನ್ನು ಬೈದುಕೊಳ್ಳುವುದು ಕಡಿಮೆ ಮಾಡಿದ್ದೆ, ನಾಲ್ಕನೆಯದರಿಂದ ಸ್ವಲ್ಪ ನಗು ಬಂದಿತ್ತು. ಆದರೆ ಈ 31 ಅನ್ನುವ ಅಂಕಿ ಹಾಗೇ ಇದ್ದರೆ ಅದೆಲ್ಲ ಎಷ್ಟು ದಿನ? ತಾಳಿಕೊಳ್ಳುವುದನ್ನು ಕಲಿಸಿ, ತಾಳಿಕೊಳ್ಳಬೇಕಾದದ್ದು ಸರಿಯಾ ಎಂದು ಕೇಳದ ಕ್ಲಾಸುಗಳ ಬಗ್ಗೆ ನನ್ನ ತಕರಾರು ಇದೇ. ಉಸಿರಾಟ ಕಲಿಸಿ ಮತ್ತೆ ಅದೇ ರೋಸ್ಟರಿಗೆ ಕಳಿಸಿದರೆ ಸುಸ್ತಾದವರದ್ದೇ ತಪ್ಪು ಅನ್ನುವ ಹಾಗಾಗುತ್ತದೆ. ಈ ಮೇಡಂ ಹಾಗೆ ಮಾಡಲಿಲ್ಲ, ಅದಕ್ಕೇ ನಾಲ್ಕು ಸ್ಟಾರ್. ಇಷ್ಟು ದೊಡ್ಡ ವಿಷಯಕ್ಕೆ ಒಂದೇ ಶನಿವಾರ, ಅದರಲ್ಲೂ ಮುಕ್ಕಾಲು ಗಂಟೆ ಹಿಂದಿನ ವಾರಗಳ ಪುನರಾವರ್ತನೆಗೆ ಕೊಟ್ಟರು, ಅದಕ್ಕೆ ಐದನೇ ಸ್ಟಾರ್ ಇಲ್ಲ.

ಹೇಳಿದ್ದಷ್ಟು ಮಾತ್ರ ಚೆನ್ನಾಗಿತ್ತು. ಲೆವೆಂಥಲ್ ಅನ್ನುವ ಮನಶ್ಶಾಸ್ತ್ರಜ್ಞರು 1980ರಲ್ಲಿ ಒಂದು ತೀರ್ಮಾನ ನ್ಯಾಯವಾಗಿ ಆಗಿದೆ ಎಂದು ಜನರಿಗೆ ಅನ್ನಿಸಲು ಏನೇನು ಬೇಕು ಎಂದು ಬರೆದರು. ನಿಯಮ ಎಲ್ಲರಿಗೂ ಒಂದೇ ಇರಬೇಕು, ಸರಿಯಾದ ಮಾಹಿತಿಯ ಮೇಲೆ ನಿಂತಿರಬೇಕು, ತಪ್ಪಾದರೆ ತಿದ್ದಲು ದಾರಿ ಇರಬೇಕು, ಅನುಭವಿಸುವವರ ಮಾತು ಕೇಳಿರಬೇಕು, ಹೀಗೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ವೈಟ್‌ಹಾಲ್ ಅಧ್ಯಯನದಲ್ಲಿ, ಕೆಲಸದಲ್ಲಿ ತಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಾರೆ ಎಂದ ಗಂಡಸರಿಗೆ ಹೃದಯದ ಕಾಯಿಲೆಯ ಅಪಾಯ ಕಡಿಮೆ ಇತ್ತು ಎಂದು 2005ರಲ್ಲಿ ಪ್ರಕಟವಾಯಿತು. ಎದೆನೋವಿನವರಿಗೆ ಇಸಿಜಿ ಹಿಡಿಯುವ ನನಗೆ ಆ ಮಾತು ನಾಟಿತು.

ಗುಂಪಿನಲ್ಲಿ ಒಬ್ಬ ಡೆಲಿವರಿ ಹುಡುಗ ಇದ್ದ, ಅರ್ಧ ಫೀಸಿನಲ್ಲಿ ಬಂದವನು. "ಅಕ್ಕ, ನಿಮಗೆ ಮಾತಾಡೋಕೆ ಸಿಸ್ಟರ್ ಇದ್ದಾರೆ, ನನಗೆ ಆರ್ಡರ್ ಕೊಡೋದು ಫೋನು, ನಾನು ಯಾರನ್ನ ಕೇಳಲಿ" ಅಂದ. ಮೇಡಂ ಹತ್ತಿರ ಉತ್ತರ ಇರಲಿಲ್ಲ. ಬ್ಯಾಂಕಿನವರೇ ಹೇಳಿದರು, ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕೆಲಸಗಾರರಿಗಾಗಿ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡುವ ಇಂಥವರಿಗಾಗಿ, ಕಾನೂನು ಬಂದಿದೆ, ದೂರು ಕೊಡುವ ವ್ಯವಸ್ಥೆ ಅದರಲ್ಲಿದೆ, ಆ್ಯಪ್ ಯಾವ ಲೆಕ್ಕದಲ್ಲಿ ತೀರ್ಮಾನ ಮಾಡುತ್ತದೆ ಎಂದು ಕೇಳುವ ಹಕ್ಕೂ ಇದೆ ಅಂತ. ಹುಡುಗ ಬರೆದುಕೊಂಡ. ಇಂಥ ಮಾಹಿತಿ ಮುಂದಿನ ಬ್ಯಾಚಿನ ಟಿಪ್ಪಣಿಯಲ್ಲಿ ಇರಲೇಬೇಕು, ಮೇಡಂಗೂ ಹೇಳಿದ್ದೇನೆ.

ಆರನೆಯದು ಕಡಲೆಕಾಯಿ ಪರಿಷೆ ಮುಗಿದ ವಾರ. ಬುಲ್ ಟೆಂಪಲ್ ರಸ್ತೆಯಲ್ಲಿ ಇನ್ನೂ ಸಿಪ್ಪೆ ಬಿದ್ದಿತ್ತು. ಹಿಂದಿನದನ್ನೆಲ್ಲ ನೆನಪಿಸಿದರು, ಕಡಲೆಕಾಯಿ ತಿಂದೆವು, ಅಷ್ಟೇ.

ಹೋಗುವವರಿಗೆ ಇನ್ನೆರಡು ಮಾತು. ಬೈಕು, ಕಾರು ನಿಲ್ಲಿಸಲು ಜಾಗ ಇಲ್ಲ, ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ನಡೆಯುವುದೇ ಒಳ್ಳೆಯದು. ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿನವರಿಗೆ ಕಷ್ಟ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂವರೆ ಗಂಟೆ ಕೂತರೆ ಬೆನ್ನು ಹಿಡಿಯುತ್ತದೆ, ಒಂದು ದಿಂಬು ತೆಗೆದುಕೊಂಡು ಹೋಗಿ.

ಆ ಲೆಕ್ಕದ ಚೀಟಿಯನ್ನು ನಾನು ಇನ್‌ಚಾರ್ಜ್ ಸಿಸ್ಟರಿಗೆ ತೋರಿಸಿದೆ. ಕೈ ನಡುಗುತ್ತಿತ್ತು. ಅವರು ತುಂಬಾ ಹೊತ್ತು ನೋಡಿ, "ನೀವು ಯಾವತ್ತೂ ಆಗಲ್ಲ ಅನ್ನಲಿಲ್ಲ ಅಲ್ವಾ ಸಿಸ್ಟರ್, ನನಗೆ ಗೊತ್ತೇ ಆಗಲಿಲ್ಲ" ಅಂದರು. ಮುಂದಿನ ಹ್ಯಾಂಡೋವರ್ ಆದಮೇಲೆ ಎಲ್ಲರನ್ನೂ ಕೂರಿಸಿದರು. ಒಂದೂವರೆ ವರ್ಷದ ಮಗು ಇರುವ ಸಿಸ್ಟರಿಗೆ ತಿಂಗಳಿಗೆ ನಾಲ್ಕೇ ರಾತ್ರಿ ಎಂದು ಎಲ್ಲರೂ ಒಪ್ಪಿದೆವು, ನಾನೂ ಮನಸ್ಸಾರೆ ಒಪ್ಪಿದೆ. ಡಿಸೆಂಬರಿನ ಉಳಿದ 58 ನೈಟ್ ಡ್ಯೂಟಿ ಎಂಟು ಜನಕ್ಕೆ, ಆರು ಜನಕ್ಕೆ 7, ಇಬ್ಬರಿಗೆ 8. ಆ ಇಬ್ಬರು ಯಾರು ಅನ್ನುವುದಕ್ಕೆ ನಾನು ಗಾಂಧಿ ಬಜಾರಿನಿಂದ ತಂದಿದ್ದ ನಾಲ್ಕು ಕವಡೆ ಬ್ಯಾಗಿನಿಂದ ತೆಗೆದೆ, ಕಡಿಮೆ ಬಿದ್ದವರಿಗೆ 8 ರಾತ್ರಿ ಎಂದು ಮಾತಾಯಿತು. ನನಗೆ ಒಂದು ಬಿತ್ತು. ಎಲ್ಲರೂ ಅಯ್ಯೋ ಅಂದರು, ಇನ್‌ಚಾರ್ಜ್ ಸಿಸ್ಟರ್ ಇನ್ನೊಂದು ಸಲ ಹಾಕಿ ಅಂದರು. ಬೇಡ ಅಂದೆ, 8 ಅಂತಲೇ ಬರೆಸಿದೆ.